ಮಾವನ ಪಥ್ಯ, ನಲವತ್ತು ಕಡಲೆಬೀಜ

ನಮ್ಮ ಮಾವ ಒಂದಿನ ಸಂಜೆ ಒಂದು ಎಮ್ಮೆಗೆ "ಸ್ವಲ್ಪ ದಾರಿ ಬಿಡ್ರಿ ಯಜಮಾನ್ರೇ" ಅಂದ. ಎಮ್ಮೆ ಬಿಡ್ಲಿಲ್ಲ. "ಏನ್ರೀ, ಹೇಳಿದ್ದು ಕೇಳಿಸ್ಲಿಲ್ವಾ?" ಅಂತ ಇನ್ನೊಂದ್ಸಲ ಕೇಳಿದ, ಅಷ್ಟೇ ಮರ್ಯಾದೆಯಿಂದ. ನಾನು ಅವನ ಹಿಂದೇನೇ ಬರ್ತಾ ಇದ್ದೆ. ನಗಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ. ಯಾಕಂದ್ರೆ ಮಾವ ತಮಾಷೆ ಮಾಡ್ತಾ ಇರ್ಲಿಲ್ಲ. ಅವನಿಗೆ ನಿಜವಾಗ್ಲೂ ಕಾಣ್ತಾ ಇರ್ಲಿಲ್ಲ.

ಇದು ಭದ್ರಾವತೀಲಿ, ಕಾರ್ಖಾನೆ ಕ್ವಾರ್ಟರ್ಸ್ ಸಾಲಲ್ಲಿ. ಮಾವ ಕಬ್ಬಿಣದ ಕಾರ್ಖಾನೇಲಿ ಕ್ರೇನ್ ಹೆಲ್ಪರ್. ಮದುವೆ ಆಗಿರ್ಲಿಲ್ಲ. ಅವನೂ ನಮ್ಮಜ್ಜಿಯೂ ಇಬ್ಬರೇ ಇದ್ರು. ನಾನು ಶಿವಮೊಗ್ಗದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲೀತಾ ಇದ್ದೆ. ಪ್ರತಿ ಶನಿವಾರ ಬಸ್ ಹತ್ತಿ ಅಜ್ಜಿ ಮನೆಗೆ ಬಂದ್ಬಿಡ್ತಿದ್ದೆ. ಬಂದಾಗಲೆಲ್ಲ ನೋಡ್ತಿದ್ದೆ, ಹಗಲೆಲ್ಲ ಹದ್ದಿನ ಕಣ್ಣಿನ ಮಾವ ಹೊತ್ತು ಮುಳುಗ್ತಿದ್ದ ಹಾಗೆ ಗೋಡೆ ಹಿಡ್ಕೊಂಡು ನಡೀತಿದ್ದ. ಡ್ಯೂಟಿ ಮುಗಿಸಿ ಬರೋವಾಗ ಪಕ್ಕದ ಮನೆ ಚಾಚಾನ ಸೈಕಲ್ ಕ್ಯಾರಿಯರ್ ಹಿಡ್ಕೊಂಡು ಬರ್ತಿದ್ದ. ಚಾಚಾ ಕಾರ್ಖಾನೆ ಲಾರಿ ಶೆಡ್ಡಲ್ಲಿ ಮೆಕ್ಯಾನಿಕ್. ಯಾರಾದ್ರೂ ಕೇಳಿದ್ರೆ ಇಬ್ಬರೂ ಮಾತಾಡ್ಕೊಂಡು ಬರ್ತಾ ಇದೀವಿ ಅಂತಿದ್ರು. ಅವತ್ತು ಚಾಚಾ ರಜ ಹಾಕಿದ್ದ. ಅದಕ್ಕೇ ಎಮ್ಮೆ ಸಿಕ್ಕಿದ್ದು.

"ಎಷ್ಟು ದಿನದಿಂದ ಹಿಂಗೆ ಮಾವ?"

"ನಾಲ್ಕೈದು ತಿಂಗಳಾಯ್ತು. ಅವ್ವನಿಗೆ ಹೇಳಿದ್ರೆ ನೋಡು, ಕೈ ಕಾಲು ಮುರೀತೀನಿ."

"ಹಗಲಲ್ಲಿ ಮುರಿ. ಈಗ ನಾನೆಲ್ಲಿದೀನಿ ಅಂತಾನೇ ಗೊತ್ತಿಲ್ಲ ನಿಂಗೆ."

ಕೈ ಬೀಸಿದ. ಎಮ್ಮೆಗೆ ಬಿತ್ತು.

ಅಜ್ಜಿಗೆ ಯಾಕೆ ಹೇಳಬಾರದು ಅನ್ನೋದಕ್ಕೆ ಒಂದು ಕಥೆ ಇದೆ, ಅದನ್ನ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಹಿಂದಿನ ವರ್ಷ ಮಾವನಿಗೆ ಕಾಮಾಲೆ ಆಗಿತ್ತು. ಹೊಳಲೂರಿನ ಹತ್ರ ಒಬ್ಬ ಪಂಡಿತರು ಸೊಪ್ಪಿನ ಮದ್ದು ಕೊಡ್ತಿದ್ರು. ಮೂರು ದಿನ ಬರಿಹೊಟ್ಟೇಲಿ ಮದ್ದು, ಆಮೇಲೆ ಪಥ್ಯ. ಎಣ್ಣೆ ಇಲ್ಲ, ತುಪ್ಪ ಇಲ್ಲ, ಹಾಲು ಬೆಣ್ಣೆ ತೆಂಗಿನಕಾಯಿ ಏನೂ ಇಲ್ಲ, ಪಕ್ಕದ ಮನೆ ಒಗ್ಗರಣೆ ವಾಸನೆ ಬಂದ್ರೂ ಮೂಗು ಮುಚ್ಕೋಬೇಕು. ಗಂಜಿ, ನೀರುಮಜ್ಜಿಗೆ, ಬೇಯಿಸಿದ ಸೊಪ್ಪು, ಅಷ್ಟೇ. ಆ ಪಂಡಿತರ ಕ್ರಮ ಏನಪ್ಪಾ ಅಂದ್ರೆ, ಪಥ್ಯ ಹಾಕಿದ ಕೈಯೇ ಪಥ್ಯ ಬಿಡಿಸಬೇಕು. ವಾಸಿ ಆದಮೇಲೆ ರೋಗಿ ವಾಪಸ್ ಹೋಗಬೇಕು, ಪಂಡಿತರು ಪರೀಕ್ಷೆ ಮಾಡಿ, ತುಪ್ಪ ಅನ್ನ ಕಲಸಿ ಒಂದು ತುತ್ತು ತಾವೇ ಬಾಯಿಗಿಟ್ಟು "ಇನ್ನು ಉಣ್ಣು" ಅನ್ನಬೇಕು.

ಮಾವ ಬಿಡಿಸ್ಕೊಳ್ಳೋಕೆ ಹೋಗಬೇಕಾದ ವಾರವೇ ಪಂಡಿತರು ತೀರ್ಕೊಂಡ್ರು.

ಅಲ್ಲಿಗೆ ಮಾವನ ಕಥೆ ಮುಗೀತು. ಹಾಕಿದೋರು ಹೋದ್ರು, ಪಥ್ಯ ಉಳೀತು. "ಬಿಡಿಸೋರಿಲ್ದೆ ನಾವಾಗಿ ಬಿಟ್ರೆ ರೋಗ ಎರಡರಷ್ಟಾಗಿ ತಿರುಗುತ್ತೆ" ಅಂತ ಅಜ್ಜಿ ತೀರ್ಮಾನ ಮಾಡಿದ್ಲು. ಒಂದ್ಸಲ ಕ್ಯಾಂಟೀನಲ್ಲಿ ವಡೆ ತಿಂದ ಸುದ್ದಿ ಬಂದಾಗ ಕೊರಳಲ್ಲಿದ್ದ ಲಿಂಗ ಮುಟ್ಟಿಸಿ ಆಣೆ ಹಾಕಿಸಿದ್ಲು. ಆ ಸುದ್ದಿ ತಂದ ಚಾಚಾ ಇವತ್ತಿಗೂ ಅದಕ್ಕೆ ಮಾವನ ಹತ್ರ ಬೈಸ್ಕೊಳ್ತಾನೆ. ಹೀಗೆ ಮಾವ ಆ ವಡೆ ಬಿಟ್ರೆ ವರ್ಷದ ಮೇಲೆ ಮೂರು ತಿಂಗಳಿಂದ ಒಂದು ತೊಟ್ಟು ಜಿಡ್ಡು ಕಂಡಿರ್ಲಿಲ್ಲ. ಈಗ ಕಣ್ಣು ಮಂಜು ಅಂತ ಬಾಯಿ ಬಿಟ್ರೆ "ನೋಡಿದ್ಯಾ, ಕಾಮಾಲೆ ಇನ್ನೂ ಒಳಗೇ ಇದೆ" ಅಂತ ಮಜ್ಜಿಗೇನೂ ನಿಲ್ಲಿಸ್ತಾಳೆ ಅನ್ನೋದು ಅವನ ಭಯ.

ಇದಿಷ್ಟೇ ಆಗಿದ್ರೆ ಕ್ಯಾರಿಯರ್ ಹಿಡ್ಕೊಂಡೇ ಕಾಲ ಕಳೀತಿದ್ನೋ ಏನೋ. ಆದ್ರೆ ಅದೇ ಹೊತ್ತಿಗೆ ಕ್ರೇನ್ ಓಡಿಸೋ ಜಾಗ ಒಂದು ಖಾಲಿ ಆಯ್ತು. ಆರು ವರ್ಷ ಹೆಲ್ಪರ್ ಆಗಿದ್ದೋನು, ಮೇಲಿನ ಆ ಕ್ಯಾಬಿನ್ನೇ ಅವನಿಗೆ ಸ್ವರ್ಗ. ಎರಡು ತಿಂಗಳು ಬಿಟ್ಟು ಟ್ರಯಲ್ ಅಂತ ಮೇಸ್ತ್ರಿ ಹೇಳಿದ್ರು. ಅದೂ ಸೆಕೆಂಡ್ ಶಿಫ್ಟಲ್ಲಿ, ದೀಪ ಹತ್ತೋ ಹೊತ್ತಿಗೆ. ಮೇಲೆ ಕೂತು, ಕೆಳಗೆ ನಿಂತೋನು ಕೈಯಲ್ಲಿ ಮಾಡೋ ಸನ್ನೆ ನೋಡ್ಕೊಂಡು ಕೊಕ್ಕೆ ಇಳಿಸಬೇಕು, ಎತ್ತಬೇಕು.

"ಕಾಣ್ದೇ ಇದ್ರೆ ಹತ್ತಲ್ಲ ನಾನು," ಅಂದ ಮಾವ. "ಕೆಳಗೆ ಜನ ನಿಂತಿರ್ತಾರೆ. ಆಸ್ಪತ್ರೆಗೆ ಹೋಗೋಣ ಅಂದ್ರೆ, ಚೀಟೀಲಿ ಕಣ್ಣು ಕಾಣಲ್ಲ ಅಂತ ಬರೆದ್ರೆ ಹತ್ತೋ ಮಾತೇ ಇಲ್ಲ. ನೀನು ಅದೇನೋ ಪುಸ್ತಕ ಓದ್ತೀಯಲ್ಲ ಅಳಿಯ, ಏನಾದ್ರೂ ನೋಡೋ."

ಹಾಗೆ ಕೇಳಿದ ಮೊದಲ ಮನುಷ್ಯ ಅವನು! ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪುಸ್ತಕ ಅಂದ್ರೆ ಶಿವಮೊಗ್ಗದ ಗಾಂಧಿ ಬಜಾರಿನ ರದ್ದಿ ಅಂಗಡೀಲಿ ಸಿಕ್ಕಿದ ಒಂದು ಹಳೇ ರಸಾಯನಶಾಸ್ತ್ರ. ರಟ್ಟಿಲ್ಲ, ಮೊದಲ ಹಾಳೆಗಳಿಲ್ಲ, ಕೊನೆಯವೂ ಇಲ್ಲ. ಬರೆದೋರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇಂಗ್ಲಿಷು. ಒಂದು ಪುಟಕ್ಕೆ ಒಂದು ದಿನ ಬೇಕಾಗ್ತಿತ್ತು. ಆದ್ರೆ ಅದೃಷ್ಟಕ್ಕೆ ಉಳಿದಿದ್ದ ಹಾಳೆಗಳಲ್ಲಿ ವಿಟಮಿನ್ ಎ ಹೆಚ್ಚುಕಮ್ಮಿ ಪೂರ್ತಿ ಇತ್ತು. ಇರುಳುಗಣ್ಣಿಗೆ ಅದೇ ಕಾರಣ ಅಂತ ಓದಿದಾಗ ಟೈಪಿಂಗ್ ಕ್ಲಾಸಲ್ಲೇ ಎದ್ದು ನಿಂತ್ಬಿಟ್ಟೆ. ನಮ್ಮ ಕಣ್ಣಿನ ಹಿಂದುಗಡೆ ನೇರಳೆ ಬಣ್ಣದ ಒಂದು ಪದಾರ್ಥ ಇದೆಯಂತೆ. ಬೆಳಕು ಬಿದ್ರೆ ಬಣ್ಣ ಹೋಗುತ್ತೆ, ಕತ್ತಲಲ್ಲಿ ಮತ್ತೆ ತಯಾರಾಗುತ್ತೆ. ತಯಾರಾಗೋಕೆ ಈ ವಿಟಮಿನ್ನು ಬೇಕು. ಇಲ್ದಿದ್ರೆ ಎಮ್ಮೆ ಯಜಮಾನ್ರಾಗುತ್ತೆ!

ಯಾವುದರಲ್ಲಿ ಸಿಗುತ್ತೆ? ಮೊದಲನೇ ಹೆಸರು ಮೀನಿನ ಲಿವರ್ ಎಣ್ಣೆ. ಸರಿ, ಶಿವಮೊಗ್ಗದ ಔಷಧಿ ಅಂಗಡೀಲಿ ಶಾರ್ಕ್ ಎಣ್ಣೆಯ ಬಾಟ್ಲಿ ತಗೊಂಡು ಬಸ್ ಹತ್ತಿದೆ. ಮುಚ್ಚಳ ಸಡಿಲ ಇತ್ತು. ಊರು ದಾಟೋ ಹೊತ್ತಿಗೆ ಬಸ್ಸಿಗೆ ಬಸ್ಸೇ ಮೂಗು ಹಿಡ್ಕೊಂಡಿತ್ತು. ಕಂಡಕ್ಟರ್ ಸಿಟ್ಟಲ್ಲಿ ಎಲ್ಲರ ಚೀಲಾನೂ ಮೂಸಿ ನೋಡಿದ. ನನ್ನ ಹಣೆ ಮೇಲಿನ ವಿಭೂತಿ ನೋಡಿ "ಪಾಪ, ಸ್ವಾಮಿಗಳಿಗೆ ಕಷ್ಟ ಆಗ್ತಾ ಇರಬೇಕು" ಅಂತ ಕಿಟಕಿ ಪಕ್ಕ ಜಾಗ ಕೊಡಿಸಿದ.

ಅಜ್ಜಿ ಮುಂದೆ ವಿಭೂತಿ ನಡೀಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, ಚೀಲ ಬಾವಿಕಟ್ಟೆ ಹತ್ರ ಇಡಿಸಿ, ನನ್ನ ತಲೆ ಮೇಲೆ ಎರಡು ಕೊಡ ನೀರು ಹುಯ್ದು, "ಏನೋ ಇದು, ಹೆಣದ ವಾಸನೆ?" ಅಂದ್ಲು.

"ಟೈಪ್ ಮಿಶನ್‌ಗೆ ಹಾಕೋ ಎಣ್ಣೆ ಅಜ್ಜಿ."

"ಹಂಗಾದ್ರೆ ಆ ಮಿಶನ್‌ಗೂ ಸ್ನಾನ ಮಾಡ್ಸು."

ಬಾಟ್ಲಿ ಬೇಲಿ ಆಚೆ ಹೋಯ್ತು. ಚಾಚಾನ ಬೆಕ್ಕು ಒಂದು ವಾರ ನಮ್ಮ ಬೇಲಿ ಬಿಟ್ಟು ಕದಲಲಿಲ್ಲ. ಚಾಚಾ ನನ್ನ ಪಕ್ಕಕ್ಕೆ ಕರೆದು ಹೇಳಿದ, "ಅರೆ ಭಾಯ್, ಅಷ್ಟೆಲ್ಲ ಯಾಕೆ? ನಮ್ಮ ಮನೇಲಿ ಕುರಿ ಕಲೇಜಿ ಮಾಡಿದ ದಿನ ಹೇಳ್ತೀನಿ. ನಾಲ್ಕು ಸಲ ತಿನ್ಲಿ, ಅಮಾವಾಸ್ಯೆ ದಿನ ಸೂಜಿಗೆ ದಾರ ಹಾಕ್ತಾನೆ." ಕಲೇಜಿ ಅಂದ್ರೆ ಲಿವರ್ರು. ನನ್ನ ಪುಸ್ತಕದಲ್ಲೂ ಅದೇ ಇತ್ತು! ಚಾಚಾ ಯಾವ ಪುಸ್ತಕಾನೂ ಓದಿರ್ಲಿಲ್ಲ. ಮಾವನಿಗೆ ಹೇಳಿದೆ. ಅವನು ಎರಡೂ ಕಿವಿ ಮುಚ್ಕೊಂಡ.

ಇನ್ನು ಉಳಿದಿದ್ದು ಗಿಡ. ಇಲ್ಲೇ ನೋಡಿ ನನಗೆ ಹುಚ್ಚು ಹಿಡಿದಿದ್ದು. ಗಿಡದಲ್ಲಿ ವಿಟಮಿನ್ ಎ ಇರೋದೇ ಇಲ್ಲ! ಇರೋದು ಕ್ಯಾರೋಟಿನ್ ಅನ್ನೋ ಹಳದಿ ಬಣ್ಣ. ಕ್ಯಾರೆಟ್ಟಲ್ಲಿ, ಪರಂಗಿ ಹಣ್ಣಲ್ಲಿ, ಸಿಹಿಗುಂಬಳದಲ್ಲಿ ಕಣ್ಣಿಗೇ ಕಾಣುತ್ತೆ. ಸೊಪ್ಪಲ್ಲೂ ಇದೆ, ಹಸಿರು ಅದನ್ನ ಮುಚ್ಚಿಟ್ಟಿರುತ್ತೆ. ಆ ಕ್ಯಾರೋಟಿನ್ನು ನಲವತ್ತು ಕಾರ್ಬನ್‌ನ ಒಂದು ಸರ. ನಮ್ಮ ಕರುಳು ಅದನ್ನ ಸರಿಯಾಗಿ ಮಧ್ಯಕ್ಕೆ ಕತ್ತರಿಸಿದ್ರೆ ಇಪ್ಪತ್ತಿಪ್ಪತ್ತರ ಎರಡು ತುಂಡು. ಒಂದೊಂದು ತುಂಡೂ ಒಂದೊಂದು ವಿಟಮಿನ್ ಎ. ನಮ್ಮ ಹೊಟ್ಟೆ ಒಳಗೇ ಫ್ಯಾಕ್ಟರಿ!

ಇದನ್ನ ಮಾವನಿಗೆ ತೋರಿಸಲೇಬೇಕು ಅಂತ ಒಂದು ಭಾನುವಾರ ನಲವತ್ತು ಕಡಲೆಬೀಜ ಎಣಿಸ್ಕೊಂಡು, ಪೊರಕೆ ಕಡ್ಡಿ ಮುರಿದು ಚುಚ್ಚಿ, ಜಗಲಿ ಉದ್ದಕ್ಕೂ ಸರ ಮಾಡಿದೆ. ಎರಡು ತುದೀಲೂ ಒಂದೊಂದು ಉಂಗುರ. ಒಂದು ಕಡ್ಡಿ ಬಿಟ್ಟು ಒಂದು ಕಡ್ಡಿ ಜೋಡಿ ಕಡ್ಡಿ, ಅದರಿಂದಾನೇ ಆ ಬಣ್ಣ ಬರೋದು ಅಂತ ವಿವರಿಸ್ತಾ ಇದ್ದೆ. ಮಾವ ತಲೆ ಆಡಿಸ್ತಾ ಗಂಭೀರವಾಗಿ ಕೇಳ್ತಾ ಇದ್ದ. ಎಣಿಸಿ ನೋಡ್ತೀನಿ, ಮೂವತ್ನಾಲ್ಕೇ ಇವೆ.

"ಮಾವ! ಆರು ಕಾರ್ಬನ್ ಎಲ್ಲಿ?"

ಮಾವ ಬಾಯಿ ಮುಚ್ಚಿಕೊಂಡೇ "ಊಂ ಊಂ" ಅಂದ. ಒಳಗಿಂದ ಅಜ್ಜಿ ಬಂದ್ಲು. "ಕಡಲೆಬೀಜದಲ್ಲಿ ಎಣ್ಣೆ ಇರಲ್ವೇನೋ! ಉಗೀ! ಉಗುಳೋ!"

ಮೂರು ಬಂತು. ಉಳಿದ ಮೂರು ಆಗಲೇ ಇಳಿದಿತ್ತು. ಆ ವಡೆ ಬಿಟ್ರೆ ವರ್ಷಕ್ಕೆ ಅವನ ಹೊಟ್ಟೆಗೆ ಹೋದ ಜಿಡ್ಡು ಅಂದ್ರೆ ಆ ಮೂರು ಬೀಜವೇ ಅಂತ ಕಾಣುತ್ತೆ.

ಕ್ವಾರ್ಟರ್ಸಲ್ಲಿ ಎಲ್ಲರ ಹಿತ್ತಲಲ್ಲೂ ಪರಂಗಿ ಮರ. ದಿನಾ ಒಂದು ಹಣ್ಣು, ವಾರಕ್ಕೆ ನಾನು ತರೋ ಒಂದು ಚೀಲ ಕ್ಯಾರೆಟ್ಟು, ಜೊತೆಗೆ ಬೇಯಿಸಿದ ಹರಿವೆ ಸೊಪ್ಪು, ಕುಂಬಳ. ಇದೆಲ್ಲ ಪಥ್ಯಕ್ಕೆ ಅಡ್ಡಿ ಇಲ್ಲ ಅಂತ ಅಜ್ಜಿ ಒಪ್ಪಿದ್ಲು. ಮೂರು ವಾರ ಮಾವ ತಿಂದ ರಾಶಿ ನೋಡಿದ್ರೆ ಸಕ್ರೆಬೈಲು ಬಿಡಾರದ ಆನೇನೂ ಸಾಕು ಅಂತಿತ್ತು. ಸಂಜೆ ಆದ್ರೆ ಅದೇ ಗೋಡೆ, ಅದೇ ಕ್ಯಾರಿಯರ್.

"ನಿನ್ನ ಫ್ಯಾಕ್ಟರಿ ಮುಷ್ಕರ ಹೂಡಿದೆ ಕಣೋ," ಅಂದ ಮಾವ. ನಗ್ತಾ ಹೇಳಿದ್ರೂ ಮುಖದಲ್ಲಿ ನಗು ಇರ್ಲಿಲ್ಲ. ಟ್ರಯಲ್‌ಗೆ ಐದು ವಾರ ಉಳಿದಿತ್ತು.

ಶಿವಮೊಗ್ಗಕ್ಕೆ ವಾಪಸ್ ಬಂದು ಆ ಪುಟ ಮತ್ತೆ ಓದಿದೆ. ಅಧ್ಯಾಯದ ಮೊದಲನೇ ಸಾಲಲ್ಲೇ ಇತ್ತು ಮಾರಾಯ್ರೇ! "ಕೊಬ್ಬಿನಲ್ಲಿ ಕರಗುವ" ಅಂತ. ನಾನು ಅದನ್ನ ಬಿರುದಿನ ಹಾಗೆ ಓದ್ಕೊಂಡು ಮುಂದೆ ಹೋಗಿದ್ದೆ. ಜಿಡ್ಡಿಲ್ದೆ ಕ್ಯಾರೋಟಿನ್ನು ಕರುಳಿಂದ ಒಳಗೆ ಹೋಗೋದೇ ಕಷ್ಟ. ಮಾವ ತಿಂದಿದ್ದೆಲ್ಲ ಹಾಗ್ಹಾಗೇ ಹೊರಗೆ ಹೋಗಿತ್ತು.

ಮುಂದಿನ ಶನಿವಾರ ಅಜ್ಜಿ ಮುಂದೆ ಎರಡು ಲೋಟ ಇಟ್ಟೆ. ಎರಡಕ್ಕೂ ತುರಿದ ಕ್ಯಾರೆಟ್ಟು. ಒಂದಕ್ಕೆ ಬಿಸಿನೀರು, ಇನ್ನೊಂದಕ್ಕೆ ದೇವರ ದೀಪದ ಎಣ್ಣೆ ಕಾಯಿಸಿ ಹುಯ್ದೆ. ಸ್ವಲ್ಪ ಹೊತ್ತಿಗೆ ನೀರು ಹೆಚ್ಚುಕಮ್ಮಿ ನೀರಾಗೇ ಇತ್ತು. ಎಣ್ಣೆ ಮಾತ್ರ ಸೇವಂತಿಗೆ ಹೂವಿನ ಬಣ್ಣಕ್ಕೆ ತಿರುಗಿತ್ತು.

"ನೋಡಿದ್ಯಾ ಅಜ್ಜಿ? ಬಣ್ಣ ಯಾರ ಜೊತೆ ಹೋಯ್ತು?"

"ಅದೇನು ದೊಡ್ಡ ವಿಷಯ? ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ್ರೆ ಎಣ್ಣೆ ಕೆಂಪಾಗಲ್ವಾ? ನಾನು ದಿನಾ ನೋಡ್ತೀನಿ."

"ಹಂಗೇನೇ ಮಾವನ ಹೊಟ್ಟೇಲೂ ಎಣ್ಣೆ ಬೇಕು. ಅವನಿಗೆ ರಾತ್ರಿ ಕಣ್ಣು ಕಾಣಲ್ಲ ಅಜ್ಜಿ." ಬಾಯಿಂದ ಬಂದೇಬಿಡ್ತು.

ಅಜ್ಜಿ ಎಣ್ಣೆ ಲೋಟ ಕೈಗೆ ತಗೊಂಡ್ಲು. ಆಮೇಲೆ, "ಗೊತ್ತು" ಅಂದ್ಲು. "ನಾನೂ ನೋಡಿದೀನಿ. ಮೊನ್ನೆ ಸಂಜೆ ನನ್ನ ಸೀರೆ ನೇತಾಕಿದ್ನಲ್ಲ, ಅದರ ಜೊತೆ ಅರ್ಧ ಗಂಟೆ ಮಾತಾಡ್ದ." ಲೋಟದ ಎಣ್ಣೆ ಸೋಸಿ ದೀಪಕ್ಕೆ ಹುಯ್ತಾ ಹೇಳಿದ್ಲು, "ನಿನ್ನ ಲೋಟ ನಂಬ್ತೀನೋ. ಆದ್ರೆ ನಿನ್ನ ಲೋಟ ಪಥ್ಯ ಬಿಡಿಸುತ್ತಾ? ಅವನಿಗೇನಾದ್ರೂ ಆದ್ರೆ ನಾನು ಯಾರ ಬಾಗಿಲಿಗೆ ಹೋಗ್ಲಿ?"

ಪಂಡಿತರು ಹೋದ್ರೂ ಅವರ ಮನೆ ಬಾಗಿಲು ಇದೆಯಲ್ಲ ಅಂದೆ.

ಮರುದಿನ ಬೆಳಗ್ಗೇನೇ ಮಾವನ್ನ ಎಳ್ಕೊಂಡು ಹೊಳಲೂರಿನ ಬಸ್ ಹತ್ತಿದೆ. ಅಜ್ಜಿಯೂ ಬಂದ್ಲು, ನಮ್ಮನ್ನ ನಂಬದೆ. ಪಂಡಿತರ ಹೆಂಡ್ತಿ ಹಟ್ಟಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸ್ತಾ ಇದ್ರು. ವಿಷಯ ಕೇಳಿದ್ದೇ, ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು.

"ಇನ್ನೂ ಪಥ್ಯದಲ್ಲೇ ಇದೀಯೇನೋ ಮಾರಾಯ! ವರ್ಷದ ಮೇಲಾಯ್ತಲ್ಲೋ ಅವರು ಹೋಗಿ! ಅಯ್ಯೋ ಶಿವನೇ, ಇನ್ನೂ ಎಷ್ಟು ಜನ ಹಿಂಗೇ ಗಂಜಿ ಕುಡೀತಾ ಕೂತಿದಾರೋ!"

"ಬಿಡಿಸೋರು ಬೇಕಲ್ಲ ತಾಯಿ," ಅಂದ್ಲು ಅಜ್ಜಿ.

"ಮದ್ದು ಅರೀತಿದ್ದೋಳು ಯಾರು ಅಂದ್ಕೊಂಡ್ರಿ? ಅವರು ಕೊಡ್ತಿದ್ರು, ಅಷ್ಟೇ." ಮಾವನ್ನ ಬೆಳಕಿಗೆ ತಿರುಗಿಸಿದ್ರು. ಮಾವ ಅಂಗೈ ಚಾಚಿದ. "ಅಂಗೈ ಯಾಕೋ? ಭವಿಷ್ಯ ಹೇಳ್ತೀನಾ? ಕಣ್ಣು ಬಿಡು." ಹೆಬ್ಬೆರಳಲ್ಲಿ ಕೆಳಗಿನ ರೆಪ್ಪೆ ಎಳೆದು ನೋಡಿದ್ರು. "ಕಾಮಾಲೆ ಇದ್ರೆ ಬಿಳೀಗುಡ್ಡೇಲಿ ಇರಬೇಕು. ಹಾಲಿನ ಹಾಗಿದೆ. ಹೋಗಿ ವರ್ಷ ಆಗಿದೆ ಅದು."

ಒಳಗೆ ಹೋಗಿ ಅನ್ನಕ್ಕೆ ತುಪ್ಪ ಕಲಸಿ ತಂದು ಒಂದು ತುತ್ತು ಬಾಯಿಗಿಟ್ರು. "ಇನ್ನು ಉಣ್ಣು." ಇಪ್ಪತ್ತೆಂಟು ವರ್ಷದ ಮಾವ, ಕಬ್ಬಿಣ ಎತ್ತೋ ಆಳು, ತುಪ್ಪ ನಾಲಿಗೆ ಮೇಲೆ ಬಿದ್ದದ್ದೇ ಕಣ್ಣಲ್ಲಿ ನೀರು ಹಾಕ್ಕೊಂಡ. ಬಸ್ಸಲ್ಲಿ ಅದು ಖಾರದಿಂದ ಅಂತ ಸಾಧಿಸಿದ. ತುಪ್ಪದನ್ನದಲ್ಲಿ ಖಾರ!

ಆಮೇಲೆ ನೋಡಬೇಕಿತ್ತು ಅಜ್ಜಿನ. ಬಿಟ್ಟಿದ್ದಕ್ಕೆಲ್ಲ ಬಡ್ಡಿ ಸಮೇತ ಹಾಕೋಕೆ ಶುರು ಮಾಡಿದ್ಲು. ಕ್ಯಾರೆಟ್ ಪಲ್ಯಕ್ಕೆ ತುಪ್ಪ, ಹರಿವೆ ಸೊಪ್ಪಿಗೆ ತುಪ್ಪದ ಒಗ್ಗರಣೆ, ಕುಂಬಳದ ಮೇಲೆ ತುಪ್ಪ, ಪರಂಗಿ ಹಣ್ಣಿನ ಮೇಲೂ ಒಂದ್ಸಲ ಹುಯ್ದು ಮಾವ ಕೈಮುಗಿದ ಮೇಲೆ ನಿಲ್ಲಿಸಿದ್ಲು. ಹಸುವಿನ ತುಪ್ಪ ಹಳದಿ, ಅದರಲ್ಲಿ ಕ್ಯಾರೋಟಿನ್ನು ಹಾಗೇ ಉಳಿದಿರುತ್ತೆ. ಎಮ್ಮೆ ಒಳಗೇ ಎಲ್ಲ ಕತ್ತರಿಸಿ ವಿಟಮಿನ್ ಮಾಡಿಟ್ಟಿರುತ್ತೆ, ಅದಕ್ಕೇ ಅದರ ತುಪ್ಪ ಬೆಳ್ಳಗೆ ಅಂತ ನಾನು ಹೇಳಿದೆ. "ಹಂಗಾದ್ರೆ ಅವತ್ತು ಎಮ್ಮೆಗೆ ಯಜಮಾನ್ರೇ ಅಂದಿದ್ದು ಸರೀನೇ" ಅಂದ ಮಾವ.

ಎರಡನೇ ವಾರದ ಕೊನೇಲಿ ಚಾಚಾನ ಕ್ಯಾರಿಯರ್ ಬಿಟ್ಟು ನಡೆದ. ಸಂಜೆ ಹಿತ್ತಲಲ್ಲಿ ಕ್ರೇನ್ ಸನ್ನೆ ಅಭ್ಯಾಸ ಶುರು ಮಾಡಿದ್ವಿ. ನಾನು ಬೇಲಿ ಹತ್ರ ನಿಂತು ಬೆರಳು ಕೆಳಗೆ ಮಾಡಿ ತಿರುಗಿಸಿದ್ರೆ ಇಳಿಸು, ಮೇಲೆ ಮಾಡಿದ್ರೆ ಎತ್ತು, ಅಂಗೈ ಅಡ್ಡ ಹಿಡಿದ್ರೆ ನಿಲ್ಲಿಸು. ಮಾವ ಜಗಲಿಯಿಂದ ಕೂಗಿ ಹೇಳಬೇಕು. ಹತ್ತಕ್ಕೆ ಆರು ಸರಿ ಬರ್ತಿತ್ತು. ಏಳು ಬಂತು. ಆದ್ರೂ ಪೂರ್ತಿ ಕತ್ತಲಾದ್ರೆ ತಡವರಿಸ್ತಿದ್ದ.

ಟ್ರಯಲ್‌ಗೆ ಎಂಟು ದಿನ ಇದ್ದಾಗ ನಾನು ಬಂದ್ರೆ ಮನೇಲಿ ತುಪ್ಪದ ವಾಸನೇನೇ ಇಲ್ಲ. ಅಜ್ಜಿ ಗಂಜಿ ಬೇಯಿಸ್ತಾ ಇದ್ಲು.

"ತಿರುಗಿತು," ಅಂದ್ಲು. "ನೋಡು ಅವನ ಕೈ."

ಮಾವ ಎರಡೂ ಅಂಗೈ ತೋರಿಸಿದ. ಅರಿಶಿನದಲ್ಲಿ ಅದ್ದಿದ ಹಾಗೆ ಹಳದಿ. ಅಂಗಾಲೂ ಹಾಗೇ. ಪುಸ್ತಕ ತೆಗೆದೆ. ಕೊನೇ ಪುಟದ ಕೊನೇ ಸಾಲು: ಕ್ಯಾರೆಟ್ ಬಹಳ ತಿಂದವರ ಚರ್ಮ ಹಳದಿ ಆಗಬಹುದು, ಕಾಮಾಲೆ ಎಂದು ಭ್ರಮೆ ಆಗಬಹುದು, ಆದರೆ... ಅಷ್ಟೇ. ಮುಂದಿನ ಹಾಳೇಲಿ ಯಾರೋ ಬೋಂಡ ಕಟ್ಟಿಸ್ಕೊಂಡು ಹೋಗಿದ್ರು.

ಆದರೆ ಏನು? ಆದರೆ ಏನು? ಜಗಲೀಲಿ ಮೂರು ಸುತ್ತು ಹಾಕಿದೆ. ಆಮೇಲೆ ಹೊಳೀತು. ಆ ಹಾಳೆ ಹೊಳಲೂರಲ್ಲಿತ್ತಲ್ಲ!

"ಅಜ್ಜಿ! ಅಂಗೈ ಅಲ್ಲ, ಕಣ್ಣು ನೋಡು! ಪಂಡಿತರ ಹೆಂಡ್ತಿ ಏನಂದ್ರು?" ಮಾವನ್ನ ಬಾಗಿಲಿಗೆ ಎಳೆದು ರೆಪ್ಪೆ ಕೆಳಗೆ ಮಾಡಿದೆ. ಬಿಳೀಗುಡ್ಡೆ ತೊಳೆದ ಪಿಂಗಾಣಿ ಹಾಗಿತ್ತು. "ಇದು ಕಾಮಾಲೆ ಅಲ್ಲ. ಇದು ಕ್ಯಾರೆಟ್ಟು. ಜಾಸ್ತಿಯಾಗಿದ್ದು ಚರ್ಮದಲ್ಲಿ ನಿಂತಿದೆ. ಕ್ಯಾರೆಟ್ ಕಮ್ಮಿ ಮಾಡು, ಬಣ್ಣ ಹೋಗುತ್ತೆ. ತುಪ್ಪ ನಿಲ್ಲಿಸಬೇಡ."

ಅಜ್ಜಿ ಹತ್ರ ಬಂದು ನೋಡಿದ್ಲು. ಆ ಕಣ್ಣು, ಈ ಕಣ್ಣು, ಮತ್ತೆ ಆ ಕಣ್ಣು. ಪುಸ್ತಕ ಅರ್ಧ, ಹೊಳಲೂರಿನೋರು ಹೇಳಿದ್ದು ಅರ್ಧ, ಎರಡೂ ಸೇರಿ ಒಂದಾಯ್ತು ಅನ್ನೋದು ನನಗೆ ಸ್ಪಷ್ಟವಾಗಿತ್ತು. ಅವಳಿಗೆ ಆಗ್ಲಿಲ್ಲ. ಹೋದ್ಸಲ ಮಗ ಇಪ್ಪತ್ತು ದಿನ ಹಾಸಿಗೆ ಹಿಡಿದಿದ್ದನ್ನ ನೋಡಿದೋಳು ಅವಳು, ನಾನಲ್ಲ. "ನಾಳೆ ನೋಡೋಣ" ಅಂದು ಗಂಜಿ ಬಡಿಸಿದ್ಲು. ಮಾವ ಕುಡಿದು, ಹೋಗಿ ಜಗಲಿ ಮೇಲೆ ಕೂತ. ಅವನ ಬೆರಳು ತೊಡೆ ಮೇಲೆ ತಾನಾಗೇ ತಿರುಗ್ತಾ ಇತ್ತು. ಇಳಿಸು, ಎತ್ತು, ಇಳಿಸು.

ಕತ್ತಲಾಯ್ತು. ಕರೆಂಟಿನ ಒಂದೇ ಬಲ್ಬು ಒಳಗೆ. ಹಿತ್ತಲಲ್ಲಿ ನನಗೇನೇ ಏನೂ ಸರಿಯಾಗಿ ಕಾಣ್ತಿರ್ಲಿಲ್ಲ. ಮಾವ ಜಗಲೀಲಿ, ನಾನು ಪಕ್ಕದಲ್ಲಿ. ಇದ್ದಕ್ಕಿದ್ದ ಹಾಗೆ ಮಾವ ಅಂದ:

"ಅವ್ವ, ತುಪ್ಪದ ಗಿಂಡಿ ಅಲ್ಲಿಡಬೇಡ, ಸೌದೆ ಹಿಂದೆ. ಗೋಡೆ ಮೇಲೆ ಇರುವೆ ಸಾಲು ಹೋಗ್ತಾ ಇದೆ."

ಸೌದೆ ಒಟ್ಟಿದ್ದ ಮೂಲೇಲಿ ಏನೋ ಸರಕ್ ಅಂತು. ಅಜ್ಜಿ! ಸೆರಗಲ್ಲಿ ಗಿಂಡಿ ಮುಚ್ಕೊಂಡು, ಮಗನ ಕೈಗೆ ಸಿಗದ ಹಾಗೆ ಬಚ್ಚಿಡೋಕೆ ಹೋಗಿದ್ಲು. ಕತ್ತಲಲ್ಲಿ ಇವನಿಗೇನು ಕಾಣುತ್ತೆ ಅನ್ನೋ ಧೈರ್ಯದ ಮೇಲೆ.

"ಇರುವೆ?" ಅಂದ್ಲು ಅಜ್ಜಿ.

"ಸುಣ್ಣದ ಗೋಡೆ ಮೇಲೆ, ನಿನ್ನ ಎಡಗೈ ಪಕ್ಕ. ಕೆಂಪಿರುವೆ ಇರಬೇಕು, ಕಚ್ಚೀತು."

ಅಜ್ಜಿ ಬಗ್ಗಿ ಗೋಡೆಗೆ ಮೂಗು ತಾಗಿಸಿ ನೋಡಿದ್ಲು. ಆಮೇಲೆ "ಅಯ್ಯಪ್ಪಾ!" ಅಂತ ಕೈ ಕೊಡವಿದ್ಲು. ಕಚ್ಚಿತ್ತು.

ಬೇಲಿ ಆಚೆಯಿಂದ ಚಾಚಾ, "ಅಮ್ಮಾ, ಇನ್ನು ಈ ಮನೇಲಿ ಏನೂ ಬಚ್ಚಿಡೋಕೆ ಆಗಲ್ಲ ನೋಡಿ" ಅಂದ. ಅಜ್ಜಿ ಗಿಂಡಿ ಎದೆಗೊತ್ಕೊಂಡು ನಮ್ಮ ಮುಂದಿಂದಾನೇ ಒಳಗೆ ಹೋದ್ಲು. ಕಣ್ಣು ಒರೆಸ್ಕೊಂಡ್ಲು ಅಂತ ನನಗೆ ಕಾಣ್ಲಿಲ್ಲ. ಮಾವ ಹೇಳಿದ್ದು.

ಟ್ರಯಲ್ ದಿನ ಮಾವ ಬರೋದು ತಡ ಆಯ್ತು. ಅಜ್ಜಿ ತಟ್ಟೆಗೆ ಬಿಸಿ ಅನ್ನ ಬಡಿಸಿ, ಒಂದು ಕೈಲಿ ಗಿಂಡಿ, ಇನ್ನೊಂದ್ರಲ್ಲಿ ಚಮಚ ಹಿಡ್ಕೊಂಡು ಬಾಗಿಲ ಕಡೆ ನೋಡ್ತಾ ಕೂತಿದ್ಲು. ಮಾವ ಬಂದ. ಮೈಯೆಲ್ಲ ಮಸಿ. ಬೇಲಿ ಆಚೆಯಿಂದ ಚಾಚಾ "ಡ್ರೈವರ್ ಸಾಹೇಬ್ರು ಬಂದ್ರು" ಅಂತ ಕೂಗಿದ. ಮಾವ ಹೊಸ್ತಿಲಲ್ಲೇ ನಿಂತು ಅಜ್ಜಿ ಕೈಲಿದ್ದ ಚಮಚ ನೋಡಿದ. ಆಮೇಲೆ ಗಂಭೀರವಾಗಿ, ಕೆಳಗೆ ನಿಂತ ಆಳು ಮೇಲಿನ ಕ್ರೇನ್ ಡ್ರೈವರ್‌ಗೆ ಮಾಡ್ತಾನಲ್ಲ, ಹಾಗೆ ಹಳದಿ ಬೆರಳು ಕೆಳಗೆ ಮಾಡಿ ತಿರುಗಿಸಿದ. ಇಳಿಸು.

ಅಜ್ಜಿ ಒಂದು ಚಮಚ ಹುಯ್ದ್ಲು. ಬೆರಳು ತಿರುಗ್ತಾನೇ ಇತ್ತು. ಇನ್ನೊಂದು. ಇನ್ನೊಂದು. ಕೊನೆಗೆ ಚಮಚ ಬಿಟ್ಟು ಗಿಂಡೀನೇ ಬಗ್ಗಿಸಿದ್ಲು. ನಿಲ್ಲಿಸು ಅನ್ನೋ ಸನ್ನೆ ಮಾತ್ರ ಬರ್ಲೇ ಇಲ್ಲ.